ಅಕ್ಷರವೇ ಇಲ್ಲದ ಪುಸ್ತಕವನ್ನು ಮಗುವಿಗೆ ಓದಿ ಹೇಳೋದು ಹೇಗೆ?

ಪ್ರಶ್ನೆ: ನಮ್ಮದು ತರೀಕೆರೆ. ಮಗಳಿಗೆ ಮೂರೂವರೆ ವರ್ಷ. ಅಮೆರಿಕದಲ್ಲಿರುವ ನಾದಿನಿ ಊರಿಗೆ ಬಂದಾಗ ಅವಳಿಗೊಂದು ಪುಸ್ತಕ ತಂದುಕೊಟ್ಟಳು. 'ಫ್ರಾಗ್, ವೇರ್ ಆರ್ ಯೂ?' ಅಂತ ಹೆಸರು. ಒಳಗೆ ಬರೀ ಚಿತ್ರ, ಒಂದಕ್ಷರ ಇಲ್ಲ. ನಾನು 'ಇದು ನಾಯಿ, ಇದು ಕಪ್ಪೆ' ಅಂತ ತೋರಿಸುತ್ತಾ ಹೋದರೆ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ. ಮಗಳು ಹೇಳುವ ಕಥೆಗೂ ಚಿತ್ರಕ್ಕೂ ಎಷ್ಟೋ ಸಲ ತಾಳಮೇಳವೇ ಇರಲ್ಲ. ತಿದ್ದಬೇಕಾ? ಕನ್ನಡದಲ್ಲಿ ಹೇಳಲಾ, ಇಂಗ್ಲಿಷಿನಲ್ಲಾ? ನಮ್ಮತ್ತೆ 'ಅಕ್ಷರ ಕಲಿಯೋ ವಯಸ್ಸಲ್ಲಿ ಅಕ್ಷರ ಇಲ್ಲದ ಪುಸ್ತಕ ಯಾಕೆ, ದುಡ್ಡು ದಂಡ' ಅಂತಾರೆ. ಅವರು ಹೇಳೋದೂ ಸರಿ ಅನ್ನಿಸುತ್ತೆ.

ಉತ್ತರ: ನಿಮ್ಮ ನಾದಿನಿ ತಂದಿರುವುದು ಸಾಮಾನ್ಯ ಪುಸ್ತಕ ಅಲ್ಲ. ಮರ್ಸರ್ ಮೇಯರ್ ಅನ್ನುವವರು 1969ರಲ್ಲಿ ಬರೆದ, ಅಂದರೆ ಬಿಡಿಸಿದ, ಈ ಪುಸ್ತಕವನ್ನು ಹಿಡಿದುಕೊಂಡು ಭಾಷಾ ಸಂಶೋಧಕರು ಎಷ್ಟೋ ದೇಶ ಸುತ್ತಿದ್ದಾರೆ. ಮಗುವಿನ ಮುಂದೆ ಪುಸ್ತಕ ಇಟ್ಟು 'ಕಥೆ ಹೇಳು' ಅನ್ನುವುದು, ಮಗು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳುವುದು. ರೂತ್ ಬರ್ಮನ್ ಮತ್ತು ಡ್ಯಾನ್ ಸ್ಲೋಬಿನ್ 1994ರಲ್ಲಿ ಐದು ಭಾಷೆಗಳ ಮಕ್ಕಳು ಹೇಳಿದ ಕಪ್ಪೆ ಕಥೆಗಳನ್ನು ಒಟ್ಟಿಗೆ ಇಟ್ಟು ಒಂದು ದೊಡ್ಡ ಗ್ರಂಥವನ್ನೇ ತಂದರು. ಚಿತ್ರ ಅವೇ, ಅಕ್ಷರ ಇಲ್ಲ. ಹಾಗಾಗಿ ಯಾವ ಭಾಷೆಯ ಮಗುವಿನ ಮುಂದೆ ಬೇಕಾದರೂ ಇಡಬಹುದು.

ಅವರು ಕಂಡುಕೊಂಡ ಒಂದು ವಿಷಯ ನಿಮಗೆ ಸಮಾಧಾನ ತರುತ್ತದೆ. ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನೂ ಬಿಡಿಬಿಡಿಯಾಗಿ ನೋಡುತ್ತಾರೆ. 'ನಾಯಿ. ಹುಡುಗ. ಇಲ್ಲಿ ಬಿತ್ತು.' ಐದರ ಹೊತ್ತಿಗೆ ಒಂದು ಚಿತ್ರಕ್ಕೂ ಪಕ್ಕದ ಚಿತ್ರಕ್ಕೂ ಗಂಟು ಹಾಕುವುದು ಬರುತ್ತದೆ. ಹುಡುಗ ಕಪ್ಪೆ ಹುಡುಕಿಕೊಂಡು ಹೊರಟ, ಕೊನೆಗೆ ಸಿಕ್ಕಿತು ಅನ್ನುವ ಒಂದೇ ಎಳೆಯಲ್ಲಿ ಇಡೀ ಕಥೆಯನ್ನು ಕಟ್ಟುವುದು ಒಂಬತ್ತರ ಮಕ್ಕಳಿಗೆ ಚೆನ್ನಾಗಿ ಬರುತ್ತದೆ. ನಿಮ್ಮ ಮಗಳ ಕಥೆಗೆ ತಾಳಮೇಳ ಇಲ್ಲದಿದ್ದರೆ ಅದು ಅವಳ ವಯಸ್ಸಿಗೆ ತಕ್ಕದ್ದೇ. ಗಾಬರಿ ಬೇಡ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಕ್ಷರ ಇಲ್ಲ ಅಂದ ಮಾತ್ರಕ್ಕೆ ಪುಸ್ತಕ ಸುಲಭ ಅಂತ ಅಲ್ಲ. ಶಾನ್ ಟಾನ್ ಅವರ 'ದಿ ಅರೈವಲ್' (2006) ಕೂಡ ಅಕ್ಷರವಿಲ್ಲದ್ದೇ. ಊರು ಬಿಟ್ಟು ಪರದೇಶಕ್ಕೆ ಹೋದವನ ಕಥೆ. ಅದನ್ನು ನೋಡಿ ಅರಗಿಸಿಕೊಳ್ಳಲು ದೊಡ್ಡವರಿಗೇ ಹೊತ್ತು ಬೇಕು. ನಿಮ್ಮ ಕಪ್ಪೆ ಪುಸ್ತಕವೂ ಮೂರೂವರೆಗೆ ಸ್ವಲ್ಪ ಭಾರವೇ. ಬಣ್ಣ ಇಲ್ಲ, ಗೆರೆ ಜಾಸ್ತಿ, ಇಪ್ಪತ್ತನಾಲ್ಕು ಚಿತ್ರ. ಸಾಲದ್ದಕ್ಕೆ ಒಂದೇ ಪುಟದಲ್ಲಿ ಎರಡು ಕಥೆ ಓಡುತ್ತಿರುತ್ತವೆ. ಆದ್ದರಿಂದ ಒಂದೇ ಸಲಕ್ಕೆ ಪುಸ್ತಕ ಮುಗಿಸುವ ಹಟ ಬಿಡಿ. ಮೊದಲ ಕೆಲವು ದಿನ ಕಿಟಕಿಯಿಂದ ನಾಯಿ ಕೆಳಗೆ ಬೀಳುವ ಪುಟದವರೆಗೆ ಹೋದರೆ ಸಾಕು. ಅಷ್ಟರಲ್ಲೇ ಒಂದು ಪೂರ್ತಿ ಕಥೆ ಇದೆ.

ಈಗ ಆ ಎರಡು ನಿಮಿಷದ ವಿಷಯಕ್ಕೆ ಬರೋಣ. ನೀವು ಮಾಡುತ್ತಿರುವುದನ್ನೇ ಬಹಳ ಜನ ಮಾಡುತ್ತಾರೆ. ಅಕ್ಷರ ಇರುವ ಪುಸ್ತಕದಲ್ಲಿ ಸಾಲು ಓದಿ ಮುಗಿಸಿದರೆ ಪುಟ ಮುಗಿಯಿತು. ಇಲ್ಲಿ ಸಾಲೇ ಇಲ್ಲವಲ್ಲ, ಹಾಗಾಗಿ ಚಿತ್ರದಲ್ಲಿರುವ ವಸ್ತುಗಳ ಪಟ್ಟಿ ಒಪ್ಪಿಸಿ ಪುಟ ತಿರುಗಿಸಿಬಿಡುತ್ತೇವೆ. ಅಥವಾ 'ಇದೇನು? ಅದೇನು? ಎಷ್ಟಿದೆ? ಯಾವ ಬಣ್ಣ?' ಅಂತ ಮೌಖಿಕ ಪರೀಕ್ಷೆ ಶುರು ಮಾಡುತ್ತೇವೆ. ಎರಡರಲ್ಲೂ ಕಥೆಗೆ ಜಾಗವೇ ಇರುವುದಿಲ್ಲ.

ಮಗಳ ಜೊತೆ ಕೂರುವ ಮೊದಲು ನೀವೊಬ್ಬರೇ ಒಂದು ಸಲ ಪುಸ್ತಕ ನೋಡಿ. ಅವಳು ಮಲಗಿದ ಮೇಲೆ, ನಿಧಾನಕ್ಕೆ. ದೊಡ್ಡವರ ಕಣ್ಣಿಗೆ ತಪ್ಪಿಹೋಗುವುದು ತುಂಬ ಇರುತ್ತದೆ. ಎರಡನೇ ಚಿತ್ರವನ್ನೇ ತೆಗೆದುಕೊಳ್ಳಿ. ರಾತ್ರಿ. ಹುಡುಗ ಮಂಚದ ಮೇಲೆ ಮಲಗಿದ್ದಾನೆ, ನಾಯಿಯೂ ಅವನ ಜೊತೆಗೇ ಮಲಗಿದೆ. ಕಪ್ಪೆ ಗಾಜಿನ ಭರಣಿಯಿಂದ ಒಂದು ಕಾಲು ಹೊರಗೆ ಇಟ್ಟಿದೆ. ಇಡೀ ಪುಸ್ತಕದ ಬೀಜ ಇದೇ ಚಿತ್ರದಲ್ಲಿದೆ. ಕಪ್ಪೆ ಹೋಗಿದ್ದು ನಮಗೆ ಗೊತ್ತು, ಹುಡುಗನಿಗೆ ಗೊತ್ತಿಲ್ಲ. 'ಇದು ಕಪ್ಪೆ, ಇದು ಮಂಚ' ಅಂತ ದಾಟಿಬಿಟ್ಟರೆ ಮುಂದಿನ ಪುಟದ ಖಾಲಿ ಭರಣಿಗೆ ಅರ್ಥವೇ ಇರಲ್ಲ.

ಈ ಪುಟದಲ್ಲಿ ಮಾತು ಹೀಗೆ ಸಾಗಬಹುದು ನೋಡಿ.

'ಅಯ್ಯೋ, ಒಂದು ಕಾಲು ಹೊರಗಡೆ ಇಟ್ಬಿಟ್ಟಿದೆ!'

(ಇಲ್ಲಿ ಸುಮ್ಮನಿರಿ. ಮನಸ್ಸಲ್ಲೇ ಐದು ಎಣಿಸಿ.)

'ಕಪ್ಪೆ ಓಡೋಗ್ತಿದೆ.'

'ಹೌದು, ಸದ್ದೇ ಮಾಡದೆ ಮೆಲ್ಲಗೆ ಓಡಿಹೋಗ್ತಿದೆ. ಹುಡುಗನಿಗೆ ಗೊತ್ತಾಗ್ಲಿಲ್ವೇನೋ.'

'ಮಲ್ಕೊಂಡಿದಾನೆ.'

'ಹ್ಞೂಂ, ಗಾಢ ನಿದ್ದೆ. ಅದಕ್ಕೇ ಗೊತ್ತಾಗ್ಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ…'

ಇಷ್ಟೇ. ಇದರಲ್ಲಿ ನೀವು ಕೇಳಿದ ಪ್ರಶ್ನೆ ಎಷ್ಟು? ಒಂದೂ ಇಲ್ಲ. ಕಂಡಿದ್ದನ್ನು ನೋಡಿ ಆಶ್ಚರ್ಯಪಟ್ಟಿರಿ, ಕಾದಿರಿ, ಅವಳು ಹೇಳಿದ್ದನ್ನೇ ಎತ್ತಿಕೊಂಡು ಅದಕ್ಕೆ ಎರಡು ಪದ ಸೇರಿಸಿ ಅವಳ ಕೈಗೇ ವಾಪಸ್ ಕೊಟ್ಟಿರಿ. 'ಓಡೋಗ್ತಿದೆ' ಅನ್ನುವುದಕ್ಕೆ 'ಸದ್ದೇ ಮಾಡದೆ ಮೆಲ್ಲಗೆ' ಸೇರಿತು. 'ಮಲ್ಕೊಂಡಿದಾನೆ' ಅನ್ನುವುದಕ್ಕೆ 'ಅದಕ್ಕೇ' ಸೇರಿತು. ಈ 'ಅದಕ್ಕೇ', 'ಅಷ್ಟೊತ್ತಿಗೆ', 'ಆದ್ರೆ', 'ಆಮೇಲೆ' ಅನ್ನುವ ಸಣ್ಣ ಪದಗಳೇ ಬಿಡಿ ಚಿತ್ರಗಳನ್ನು ಕಥೆಯಾಗಿ ಹೊಲಿಯುವ ದಾರ. ಮೂರರಿಂದ ಐದಕ್ಕೆ ಮಕ್ಕಳು ಏರುವ ಮೆಟ್ಟಿಲು ಅಂದೆನಲ್ಲ, ಅದನ್ನು ಏರುವುದು ಇವುಗಳ ಮೇಲೆ ಕಾಲಿಟ್ಟೇ.

ಹೀಗೆ ಮಾತಾಡುವುದರಿಂದ ನಿಜಕ್ಕೂ ಏನಾದರೂ ಆಗುತ್ತದಾ ಅಂತ ಕೇಳಬಹುದು. ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ಜೊತೆಗಾರರು 1988ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸುಮಾರು ಎರಡು-ಮೂರು ವರ್ಷದ ಮಕ್ಕಳು. ಎಲ್ಲರ ಮನೆಯಲ್ಲೂ ಚಿತ್ರಪುಸ್ತಕ ಓದಿ ಹೇಳುವ ಅಭ್ಯಾಸ ಇತ್ತು. ಕೆಲವು ಅಪ್ಪ-ಅಮ್ಮಂದಿರಿಗೆ ಮಾತ್ರ ಮಗುವಿನಿಂದ ಮಾತು ಹೊರಡಿಸುವ, ಅದನ್ನು ಬೆಳೆಸಿ ವಾಪಸ್ ಕೊಡುವ ಈ ರೀತಿಯನ್ನು ಹೇಳಿಕೊಟ್ಟರು. ಒಂದು ತಿಂಗಳಲ್ಲೇ ಆ ಮಕ್ಕಳ ಮಾತು ಉಳಿದವರಿಗಿಂತ ಎದ್ದು ಕಾಣುವಷ್ಟು ಮುಂದೆ ಹೋಗಿತ್ತು. ಅಲ್ಲಿ ಬಳಸಿದ್ದು ಅಕ್ಷರ ಇರುವ ಪುಸ್ತಕಗಳನ್ನೇ ಇರಬಹುದು, ಆದರೆ ಕೆಲಸ ಮಾಡಿದ್ದು ಮಾತುಕತೆ. ಅಕ್ಷರ ಇಲ್ಲದಿದ್ದರೆ ಈ ಮಾತುಕತೆ ಇನ್ನೂ ಸಲೀಸು. ಕೊಲಂಬಿಯಾದ ಶಿಶುವಿಹಾರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ, ಟೀಚರ್ ಅಕ್ಷರವಿಲ್ಲದ ಪುಸ್ತಕ ಹಿಡಿದಾಗ ಮಕ್ಕಳು ಹೆಚ್ಚು ಮಾತಾಡಿದ್ದು ಕಂಡುಬಂತು. ಕಾರಣ ದೊಡ್ಡದೇನಲ್ಲ. ಓದಲು ಸಾಲು ಇದ್ದರೆ ದೊಡ್ಡವರ ಬಾಯಿ ನಿಲ್ಲುವುದಿಲ್ಲ.

ಹಾಗಂತ ಅಕ್ಷರ ಇರುವ ಪುಸ್ತಕ ಕಟ್ಟಿಡಿ ಅಂತ ನಾನು ಹೇಳುತ್ತಿಲ್ಲ. ಓದಿ ಹೇಳುವ ಪುಸ್ತಕದಿಂದ ಮನೆಮಾತಿನಲ್ಲಿ ಬಾರದ ಪದಗಳು, ಉದ್ದುದ್ದ ವಾಕ್ಯಗಳು, ಪ್ರಾಸ ಎಲ್ಲ ಕಿವಿಗೆ ಬೀಳುತ್ತವೆ. ಅದೂ ಬೇಕು. ಒಂದು ದಿನ ಅದು, ಒಂದು ದಿನ ಇದು.

ನಿಮ್ಮ ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಜಿಂಕೆಯದು. ಹುಡುಗ ಒಂದು ಬಂಡೆ ಹತ್ತಿ, ಹಿಂದಿರುವ ಕೊಂಬೆಗಳನ್ನು ಹಿಡಿದುಕೊಂಡು ಕಪ್ಪೆಯನ್ನು ಕೂಗುತ್ತಾನೆ. ಇಲ್ಲಿ ಪುಟ ತಿರುಗಿಸಬೇಡಿ. 'ಗಟ್ಟಿಯಾಗಿ ಹಿಡ್ಕೊಂಡಿದಾನೆ ಅಲ್ವಾ?' ಅನ್ನಿ. ಮಗಳಿಗೆ ನೋಡಲು ಬಿಡಿ. ಆಮೇಲೆ ತಿರುಗಿಸಿ. ಜಿಂಕೆ ಎದ್ದು ನಿಂತಿದೆ, ಹುಡುಗ ಅದರ ತಲೆಯ ಮೇಲೆ! 'ಅವನು ಕೊಂಬೆ ಅಂದ್ಕೊಂಡ, ನೋಡಿದ್ರೆ ಕೊಂಬು!' ಅಂದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಾಳೆ ಅದೇ ಪುಟ ಬಂದಾಗ ಅವಳಿಗೆ ಗುಟ್ಟು ಗೊತ್ತಿರುತ್ತದೆ. ಆಗ ನೀವು ಏನೂ ಗೊತ್ತಿಲ್ಲದವರ ಹಾಗೆ ಇರಿ. ಅಪ್ಪನ ಕೈಗೆ ಪುಸ್ತಕ ಕೊಟ್ಟು 'ಅಪ್ಪಂಗೆ ಹೇಳ್ಬೇಡ, ಅವರೇ ಕಂಡುಹಿಡೀಲಿ' ಅಂದು ನೋಡಿ. ಇನ್ನೊಬ್ಬರ ತಲೆಯಲ್ಲಿ ಇರುವುದು ತಪ್ಪು ತಿಳಿವಳಿಕೆ, ತನಗೆ ನಿಜ ಗೊತ್ತು ಅನ್ನುವುದನ್ನು ಹಿಡಿಯುವುದು ಮೂರೂವರೆಯ ಮಗುವಿಗೆ ಸಣ್ಣ ಕೆಲಸ ಅಲ್ಲ. ನಾಲ್ಕು-ಐದರ ಹೊತ್ತಿಗೆ ಅದು ಗಟ್ಟಿಯಾಗುತ್ತಾ ಬರುತ್ತದೆ. 'ಅಂದ್ಕೊಂಡ', 'ಗೊತ್ತಿರ್ಲಿಲ್ಲ', 'ಸಿಗತ್ತೆ ಅಂತಿದ್ದ' ಅನ್ನುವ ಮಾತು ನಿಮ್ಮ ಬಾಯಲ್ಲಿ ಆಗಾಗ ಬರಲಿ.

ಪುಸ್ತಕ ಹಳೆಯದಾಯಿತು ಅನ್ನಿಸಿದಾಗ ಇನ್ನೊಂದು ದಾರಿ ಇದೆ. ಒಂದು ಸಲ ನಾಯಿಯನ್ನು ಮಾತ್ರ ನೋಡಿಕೊಂಡು ಹೋಗಿ. ಹುಡುಗ ಬಿಲದೊಳಗೆ, ಮರದ ಪೊಟರೆಯೊಳಗೆ ಕಪ್ಪೆ ಹುಡುಕುವಾಗ ಅತ್ತ ನಾಯಿ ಜೇನುಗೂಡಿನ ಹಿಂದೆ ಬಿದ್ದಿರುತ್ತದೆ. ಗೂಡು ಅಲ್ಲಾಡುತ್ತದೆ, ಬೀಳುತ್ತದೆ, ಹುಳುಗಳು ಅಟ್ಟಿಸಿಕೊಂಡು ಬರುತ್ತವೆ. ಅದು ಬೇರೆಯೇ ಕಥೆ. ಮುಂಚೆ ಮುಖ್ಯ ಕಥೆ ಗೊತ್ತಿದ್ದರೆ ಇದು ಇನ್ನೂ ಮಜಾ.

ತಿದ್ದುವ ವಿಷಯ. ಹುಡುಗ ಬಿಲದ ಮುಂದೆ ಮೂಗು ಹಿಡಿದುಕೊಂಡಿರುವ ಒಂದು ಚಿತ್ರ ಇದೆ. ಬಿಲದಿಂದ ಒಂದು ಪ್ರಾಣಿ ತಲೆ ಹಾಕಿದೆ. ಕಚ್ಚಿತು ಅಂತ ಒಬ್ಬರು ಹೇಳುತ್ತಾರೆ, ಗಬ್ಬು ವಾಸನೆ ಅಂತ ಇನ್ನೊಬ್ಬರು. ಎರಡೂ ಸರಿ, ಚಿತ್ರ ಯಾವುದನ್ನೂ ಬೇಡ ಅನ್ನುವುದಿಲ್ಲ. ಆ ಪ್ರಾಣಿ ಅಮೆರಿಕದ ಗೋಫರ್. ನಮ್ಮ ಕಡೆ ಇಲ್ಲ. ಮಗಳು ಹೆಗ್ಗಣ ಅಂದರೆ ಹೆಗ್ಗಣ, ಇಲಿ ಅಂದರೆ ಇಲಿ. ಗೋಫರ್ ಅಂತ ಬಾಯಿಪಾಠ ಮಾಡಿಸಿ ಆಗಬೇಕಾದ್ದು ಏನೂ ಇಲ್ಲ. ಅವಳ ಕಥೆ ಚಿತ್ರ ಬಿಟ್ಟು ಎಲ್ಲೋ ಹೋದರೆ, ಕಪ್ಪೆ ಬಸ್ ಹತ್ತಿ ಬೀರೂರಿಗೆ ಹೋಯಿತು ಅಂದರೆ, 'ಹೌದಾ! ಬಸ್ ಎಲ್ಲಿದೆ, ನಂಗೂ ತೋರಿಸು' ಅನ್ನಿ. ಒಂದೋ ಚಿತ್ರದಲ್ಲಿ ಹುಡುಕುತ್ತಾಳೆ, ಇಲ್ಲವೇ 'ಚಿತ್ರದಲ್ಲಿಲ್ಲ, ಆಚೆ ಇದೆ' ಅನ್ನುತ್ತಾಳೆ. ಆ ಎರಡನೇ ಉತ್ತರ ಬಂದರೆ ನನಗಂತೂ ಖುಷಿ. 'ತಪ್ಪು, ಹಾಗಲ್ಲ' ಅನ್ನುವ ಮಾತು ಇಲ್ಲಿ ಬೇಡವೇ ಬೇಡ. ವ್ಯಾಕರಣ ತಪ್ಪಿದರೂ ಅಷ್ಟೇ. ಅವಳು 'ಕಪ್ಪೆ ಬಂದ' ಅಂದರೆ ನೀವು 'ಹ್ಞೂಂ, ಕಪ್ಪೆ ಬಂತು' ಅಂತ ಸಹಜವಾಗಿ ಹೇಳಿ ಮುಂದೆ ಹೋಗಿ.

ಕೊನೆಯ ಪುಟದಲ್ಲಿ ಹುಡುಗ ಒಂದು ಕಪ್ಪೆ ಹಿಡಿದುಕೊಂಡು, ಉಳಿದ ಕಪ್ಪೆಗಳಿಗೆ ಟಾಟಾ ಮಾಡಿ ಹೋಗುತ್ತಾನೆ. ಅದು ಅವನದೇ ಹಳೆಯ ಕಪ್ಪೆನಾ, ಅಥವಾ ಮರಿನಾ? ಪುಸ್ತಕ ಹೇಳುವುದಿಲ್ಲ. ನೀವೂ ಹೇಳಬೇಡಿ. ಮರಿಯನ್ನು ಅಮ್ಮನಿಂದ ಬಿಡಿಸಿದ ಅಂತ ಅವಳಿಗೆ ಬೇಜಾರಾದರೆ ಆ ಬೇಜಾರಿಗೂ ಜಾಗ ಕೊಡಿ.

ಇನ್ನು ನಿಮ್ಮತ್ತೆಯ ಮಾತು. ಅಕ್ಷರದ ಬಗ್ಗೆ ಅವರಿಗಿರುವ ಕಾಳಜಿ ತಪ್ಪಲ್ಲ. ಆದರೆ ಕನ್ನಡದ ಅಕ್ಷರ ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸ ಅಲ್ಲ. ವರ್ಣಮಾಲೆ ಆಯಿತು, ಕಾಗುಣಿತ ಬಂತು, ಆಮೇಲೆ ಒತ್ತಕ್ಷರ. ಎಲ್ಲ ಸೇರಿದರೆ ಮಗು ಗುರುತಿಸಬೇಕಾದ ಆಕಾರಗಳು ನೂರಾರು. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದೂ ಇದನ್ನೇ. ಈ ಕಲಿಕೆ ನಾಲ್ಕನೇ ತರಗತಿವರೆಗೂ ನಡೆಯುತ್ತಲೇ ಇರುತ್ತದೆ. ಅಲ್ಲಿಯವರೆಗೆ ಮಗುವಿನ ತಲೆಯಲ್ಲಿ ಓಡುವ ಕಥೆ ಅದು ಓದಬಲ್ಲ ಸಾಲಿಗಿಂತ ಬಹಳ ಮುಂದೆ ಇರುತ್ತದೆ. 'ಅ ಅರಸ, ಆ ಆನೆ' ಓದುವ ವಯಸ್ಸಿನಲ್ಲಿ ಕಥೆಯೂ ಅರಸ-ಆನೆಗೇ ನಿಂತುಬಿಡಬೇಕಾ? ಅಕ್ಷರ ತನ್ನ ವೇಗದಲ್ಲಿ ಬರಲಿ. ಪುಸ್ತಕವನ್ನು ನೆಟ್ಟಗೆ ಹಿಡಿಯುವುದು, ಎಡದಿಂದ ಬಲಕ್ಕೆ ಹೋಗುವುದು, ಮುಂದೇನಾಗುತ್ತದೆ ಅಂತ ಊಹಿಸುವುದು, ಹಿಂದಿನ ಪುಟಕ್ಕೆ ಹೋಗಿ 'ಓ, ಇದಕ್ಕೇನಾ' ಅನ್ನುವುದು, ಇವೂ ಓದೇ. ನಾಳೆ ಸಾಲು ಓದುವಾಗ ಅರ್ಥ ಮಾಡಿಕೊಳ್ಳಲು ಬೇಕಾಗುವುದು ಇವೇ.

ನನ್ನನ್ನು ಕೇಳಿದರೆ, ಪುಸ್ತಕವನ್ನು ಅತ್ತೆಯ ಕೈಗೇ ಕೊಟ್ಟುಬಿಡಿ. ವಾದ ಮಾಡುವುದಕ್ಕಿಂತ ಅದು ವಾಸಿ. ಅಕ್ಷರ ಇಲ್ಲದ ಕಥೆ ನಮ್ಮ ಹಿರಿಯರಿಗೆ ಹೊಸದಲ್ಲ. ನಿಮಗೆ ಹತ್ತಿರದಲ್ಲೇ ಅಮೃತಾಪುರ ಇದೆಯಲ್ಲ. 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನ. ಅದರ ಗೋಡೆಯ ದಕ್ಷಿಣದ ಕಡೆ ಎಪ್ಪತ್ತು ಫಲಕಗಳಲ್ಲಿ ರಾಮಾಯಣ ಕೆತ್ತಿದ್ದಾರೆ. ಇನ್ನೊಂದು ಕಡೆ ಕೃಷ್ಣನ ಕಥೆ ಮತ್ತು ಮಹಾಭಾರತ. ರಾಮಾಯಣ ಸಾಗುವುದು ಪ್ರದಕ್ಷಿಣೆಗೆ ಎದುರು ದಿಕ್ಕಿನಲ್ಲಿ, ಹೊಯ್ಸಳರ ದೇವಸ್ಥಾನಗಳಲ್ಲಿ ಅದು ಅಪರೂಪ. ಸುಮ್ನೆ ಬಲಕ್ಕೆ ಸುತ್ತಿದರೆ ಕಥೆ ಕೊನೆಯಿಂದ ಮೊದಲಿಗೆ ಬರುತ್ತದೆ! ಒಂದು ಭಾನುವಾರ ಅಜ್ಜಿ-ಮೊಮ್ಮಗಳನ್ನು ಕರೆದುಕೊಂಡು ಹೋಗಿ. ಎಪ್ಪತ್ತೂ ಬೇಡ, ಮಗುವಿಗೆ ಕಾಲು ನೋಯುತ್ತದೆ. ನಾಲ್ಕು ಫಲಕ ಸಾಕು. ಯಾರು ಯಾರ ಕಡೆ ನೋಡುತ್ತಿದ್ದಾರೆ, ಯಾರ ಕೈಯಲ್ಲಿ ಬಿಲ್ಲಿದೆ ಅಂತ ಅತ್ತೆಯೇ ತೋರಿಸಲಿ. ಮನೆಗೆ ಬಂದು ಕಪ್ಪೆ ಪುಸ್ತಕ ಹಿಡಿದಾಗ ಅವರ ಕಥೆ ನಿಮ್ಮದಕ್ಕಿಂತ ಚೆನ್ನಾಗಿಯೇ ಇರುತ್ತದೆ, ನೋಡುತ್ತಿರಿ. ಹಿರಿಯರ ಬಾಯಲ್ಲಿ ನಾಯಿ ಸುಮ್ಮನೆ ಬೀಳುವುದಿಲ್ಲ, ದಬಕ್ಕನೆ ಬೀಳುತ್ತದೆ. ಜೇನುಹುಳ ಗುಂಯ್‌ಗುಡುತ್ತದೆ, ಹುಡುಗ ನೀರಿಗೆ ದುಡುಮ್ಮನೆ ಬೀಳುತ್ತಾನೆ. ಮಕ್ಕಳು ಮೊದಲು ಕದಿಯುವುದು ಇಂಥ ಪದಗಳನ್ನೇ.

ಭಾಷೆ ಯಾವುದು ಅಂದರೆ, ನಿಮಗೆ ನಗು, ಕೋಪ, ತುಂಟತನ ಯಾವ ಭಾಷೆಯಲ್ಲಿ ಬರುತ್ತದೋ ಅದರಲ್ಲಿ. ನೀವು ಮನೆಯಲ್ಲಿ ಕನ್ನಡ ಆಡುವವರಾದರೆ ಕನ್ನಡದಲ್ಲೇ. ಮಗು ಸ್ಕೂಲಿನಲ್ಲಿ ಕೇಳಿ ಬಂದು 'ಡಾಗ್' ಅಂದರೆ ಬೇಡ ಅನ್ನಬೇಡಿ. 'ಹೌದು, ನಾಯಿ ತಲೆಗೆ ಭರಣಿ ಸಿಗಾಕ್ಕೊಂಡಿದೆ' ಅಂತ ನಿಮ್ಮ ಮಾತಲ್ಲಿ ಮುಂದುವರಿಸಿ. ಒಂದು ಭಾಷೆಯಲ್ಲಿ ಕಥೆ ಕಟ್ಟಲು ಬಂದ ಮಗುವಿಗೆ ಇನ್ನೊಂದರಲ್ಲಿ ಕಟ್ಟುವುದು ಸುಲಭ. ಅಕ್ಷರವಿಲ್ಲದ ಪುಸ್ತಕದ ದೊಡ್ಡ ಗುಣವೇ ಇದು. 2012ರಲ್ಲಿ ಐಬಿಬಿವೈ ಅನ್ನುವ ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ಸಂಸ್ಥೆ ಇಟಲಿಯ ಲ್ಯಾಂಪೆಡುಸಾ ದ್ವೀಪಕ್ಕಾಗಿ ದೇಶದೇಶಗಳಿಂದ ಇಂಥ ಪುಸ್ತಕ ಸೇರಿಸಲು ಶುರು ಮಾಡಿತು. ಸಮುದ್ರ ದಾಟಿ ವಲಸೆ ಬಂದ ಮಕ್ಕಳೂ ದ್ವೀಪದ ಮಕ್ಕಳೂ ಒಟ್ಟಿಗೆ ಕೂತು ನೋಡಲಿ ಅಂತ. ಅಷ್ಟು ದೂರ ಯಾಕೆ, ನಿಮ್ಮ ನಾದಿನಿಗೆ ಮಕ್ಕಳಿದ್ದರೆ ಇದೇ ಪುಸ್ತಕದ ಇನ್ನೊಂದು ಪ್ರತಿ ಅಲ್ಲಿ ಇಟ್ಟುಕೊಳ್ಳಲು ಹೇಳಿ. ವಿಡಿಯೋ ಕಾಲ್‌ನಲ್ಲಿ 'ಊಟ ಆಯ್ತಾ' ಆದ ಮೇಲೆ ಏನು ಮಾತಾಡೋದು ಅಂತ ಅಜ್ಜಿ-ಮೊಮ್ಮಕ್ಕಳು ಇಬ್ಬರೂ ಪೇಚಾಡುತ್ತಾರೆ. ಕನ್ನಡ ಓದಲು ಬಾರದ ಮೊಮ್ಮಗುವೂ ಅಜ್ಜಿಯ ಜೊತೆ ಅದೇ ಪುಟ ತಿರುಗಿಸಬಹುದು.

ಹೊಸ ಪುಸ್ತಕ ಕೊಳ್ಳುವ ಮೊದಲು ಪುಕ್ಕಟೆ ಸಿಗುವುದನ್ನು ನೋಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡವೂ ಸೇರಿ ಹಲವು ಭಾಷೆಯ ಚಿತ್ರಪುಸ್ತಕಗಳಿವೆ. ಅಕ್ಷರವಿಲ್ಲದವು, ಒಂದೆರಡೇ ಪದ ಇರುವವು ಕೂಡ ಸಿಗುತ್ತವೆ. ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಫೋನಿನಲ್ಲೇ ತೋರಿಸುವುದಕ್ಕಿಂತ ಕಾಗದ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಫೋನ್ ಕೈಗೆ ಬಂದರೆ ಮಗುವಿನ ಬೆರಳು ಮುಂದಿನ ಪುಟಕ್ಕೆ ಜಾರುತ್ತಲೇ ಇರುತ್ತದೆ, ಕಾಯುವುದಕ್ಕೆ ಆಗುವುದೇ ಇಲ್ಲ. ಇನ್ನೂ ಸುಲಭದ್ದು ಬೇಕಾದರೆ ನೀವೇ ಮಾಡಿ. ಮುಂದಿನ ಸಲ ಮನೆಯಲ್ಲಿ ರೊಟ್ಟಿ ತಟ್ಟುವಾಗ ಹಿಟ್ಟು ಕಲಸಿದ್ದರಿಂದ ಹಿಡಿದು ಮಗಳು ತಿಂದು ಕೈ ನೆಕ್ಕುವವರೆಗೆ ಆರೇಳು ಫೋಟೋ ತೆಗೆಯಿರಿ. ಪ್ರಿಂಟ್ ಹಾಕಿಸಿ, ದಪ್ಪ ರಟ್ಟಿಗೆ ಅಂಟಿಸಿ, ದಾರ ಕಟ್ಟಿ. ಒಂದು ದಿನ ಬೇಕಂತಲೇ ಎರಡು ಪುಟ ಅದಲುಬದಲು ಮಾಡಿ ಇಡಿ. 'ಅಮ್ಮಾ, ಇದು ಆಮೇಲೆ!' ಅಂತ ಅವಳೇ ಕೂಗಿ ಹೇಳುತ್ತಾಳೆ.

ಎಷ್ಟು ಹೊತ್ತು ಅಂತ ಲೆಕ್ಕ ಇಡಬೇಡಿ. ಅವಳು ಒಂದೇ ಪುಟದಲ್ಲಿ ನಿಂತರೆ ಅಲ್ಲೇ ನಿಲ್ಲಿ. ಎದ್ದು ಹೋದರೆ ಹೋಗಲಿ. ಅದೇ ಪುಸ್ತಕವನ್ನು ದಿನಾ ತಂದರೆ ನಿಮಗೆ ಬೇಜಾರಾಗಬಹುದು, ಅವಳಿಗೆ ಆಗಿರಲ್ಲ. ಕೆಲವು ದಿನ ಕಳೆದ ಮೇಲೆ ಅವಳೇ ಗೊಂಬೆಯನ್ನು ತೊಡೆ ಮೇಲೆ ಕೂರಿಸಿಕೊಂಡು ಕಥೆ ಹೇಳುತ್ತಿದ್ದರೆ ನೀವು ಅಡುಗೆಮನೆಯಿಂದ ಸುಮ್ನೆ ಕೇಳಿಸಿಕೊಳ್ಳಿ, ಹತ್ತಿರ ಹೋಗಿ 'ಇನ್ನೊಂದು ಸಲ ಹೇಳು, ವಿಡಿಯೋ ಮಾಡ್ತೀನಿ' ಅನ್ನಬೇಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಪತ್ರ ನೋಡಿದರೆ ಮಗಳು ತನ್ನದೇ ಕಥೆ ಕಟ್ಟುವಷ್ಟು ಮಾತಾಡುತ್ತಿದ್ದಾಳೆ, ಹಾಗಾಗಿ ಇದು ನಿಮಗಲ್ಲ. ಇದನ್ನು ಓದುವ ಬೇರೆ ಯಾರದಾದರೂ ಮಗು ಮೂರೂವರೆಗೂ ಎರಡು-ಮೂರು ಪದ ಸೇರಿಸಿ ಮಾತಾಡುತ್ತಿಲ್ಲ, ಅಥವಾ ಅದರ ಮಾತು ಮನೆಯವರಿಗೇ ಅರ್ಥವಾಗುತ್ತಿಲ್ಲ ಅಂತಿದ್ದರೆ ಪುಸ್ತಕ ತೋರಿಸಿಕೊಂಡು ಕಾಯುತ್ತಾ ಕೂರಬೇಡಿ. 'ದೊಡ್ಡದಾದ ಮೇಲೆ ಸರಿಹೋಗುತ್ತೆ' ಅನ್ನುವ ಮಾತನ್ನು ನಂಬಿ ವರ್ಷ ಕಳೆಯುವುದೂ ಬೇಡ. ಮೊದಲು ಕಿವಿ ಸರಿಯಾಗಿ ಕೇಳುತ್ತಿದೆಯಾ ಅಂತ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿಗೆ ಹೋಗಲು ಕಷ್ಟವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.